ಮನೆಯ ಪಿಚ್ಚು, ಪರವೂರ ಪಿಚ್ಚು

 

‘ಮನೇಲಿ ಹುಲಿ, ಬೀದೀಲಿ ಇಲಿ’ ಎಂಬ ಗಾದೆ ನಮಗೆಲ್ಲ ಗೊತ್ತುಂಟು. ಕ್ರಿಕೆಟಿನ ಮಾತು ಬಂದರೆ ಈ ಗಾದೆ ತಾನಾಗಿಯೇ ಬಾಯಿಗೆ ಬರುತ್ತದೆ. ಒಬ್ಬ ಬ್ಯಾಟ್ಸ್‌ಮನ್ ಭಾರತದಲ್ಲಿ ಶತಕ ಹೊಡೆದು ಇಂಗ್ಲೆಂಡಿನಲ್ಲಿ ಬೇಗ ಔಟಾದರೆ, ‘ಅವನು ಬರೀ ಊರಿನ ಹುಲಿ ಮಾರಾಯ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ನಾನು ನಮ್ಮ ಶಾಲಾ ತಂಡದ ಸ್ಕೋರ್ ಪುಸ್ತಕ ಬರೆಯುವವಳು. ಈ ತೀರ್ಪು ಎಷ್ಟು ಸರಿ ಎಂದು ಮೊದಲು ದೊಡ್ಡ ಆಟಗಾರರ ಲೆಕ್ಕದಲ್ಲಿ ನೋಡುವ, ಆಮೇಲೆ ನಮ್ಮ ಪುಸ್ತಕಕ್ಕೆ ಬರುವ ಎಂದು ಈ ಪಾಠ ಬರೆದಿದ್ದೇನೆ.

1. ಸರಾಸರಿ ಎಂದರೇನು?

ಹೊಡೆದ ಒಟ್ಟು ರನ್ನುಗಳನ್ನು ಎಷ್ಟು ಸಲ ಔಟಾದರೋ ಆ ಸಂಖ್ಯೆಯಿಂದ ಭಾಗಿಸಿದರೆ ಬ್ಯಾಟಿಂಗ್ ಸರಾಸರಿ ಸಿಗುತ್ತದೆ. ಆಡಿದ ಇನಿಂಗ್ಸ್‌ಗಳಿಂದ ಭಾಗಿಸಬಾರದು. ನಾಟೌಟ್ ಆದ ಇನಿಂಗ್ಸ್‌ನ ರನ್ ಲೆಕ್ಕಕ್ಕೆ ಬರುತ್ತದೆ, ಆದರೆ ಭಾಜಕ ಹೆಚ್ಚುವುದಿಲ್ಲ.

ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಅವರ ಟೆಸ್ಟ್ ಲೆಕ್ಕ ಹೀಗಿದೆ:

ಭಾರತದಲ್ಲಿ: 70 ಟೆಸ್ಟ್, 5598 ರನ್, 109 ಸಲ ಔಟ್, 15 ಶತಕ.
ಭಾರತದ ಹೊರಗೆ: 94 ಟೆಸ್ಟ್, 7690 ರನ್, 145 ಸಲ ಔಟ್, 21 ಶತಕ.

ಭಾಗಿಸಿ ನೋಡಿ. ಭಾರತದಲ್ಲಿ ಸರಾಸರಿ 51.35, ಹೊರಗೆ 53.03. ಹೊರಗೇ ಸ್ವಲ್ಪ ಹೆಚ್ಚು! ಎರಡೂ ಸೇರಿ 164 ಟೆಸ್ಟ್, 13288 ರನ್, 254 ಸಲ ಔಟ್, ಸರಾಸರಿ 52.31.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದನೆಯದು, 51.35 ಮತ್ತು 53.03ನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 52.19 ಬರುತ್ತದೆ, 52.31 ಬರುವುದಿಲ್ಲ. ಹೊರಗೆ ಆಡಿದ್ದು ಜಾಸ್ತಿ, ಹಾಗಾಗಿ ಅದರ ತೂಕವೂ ಜಾಸ್ತಿ. ಸರಾಸರಿಗಳ ಸರಾಸರಿ ತೆಗೆಯಬಾರದು. ಎರಡನೆಯದು, 21 ಶತಕ ನೋಡಲಿಕ್ಕೆ 15ಕ್ಕಿಂತ ತುಂಬಾ ಹೆಚ್ಚು. ಆದರೆ 94 ಟೆಸ್ಟ್‌ಗಳಲ್ಲಿ 21 ಎಂದರೆ ಸುಮಾರು ನಾಲ್ಕೂವರೆ ಟೆಸ್ಟಿಗೆ ಒಂದು. 70ರಲ್ಲಿ 15 ಎಂದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಶತಕವನ್ನು ಬರೇ ಎಣಿಸಿದರೆ ಸಾಲದು, ಎಷ್ಟು ಆಟದಲ್ಲಿ ಎಂದು ಕೇಳಬೇಕು.

2. ‘ಮನೆ’ ಎಂಬುದರಲ್ಲಿ ಏನೇನು ಉಂಟು?

ದೂರದ ದೇಶ ಯಾಕೆ, ನಮ್ಮ ಸುತ್ತಮುತ್ತಲೇ ನೋಡುವ. ಕಾಪುವಿನ ದೀಪಸ್ತಂಭದ ಹತ್ತಿರ ನೀರು ಇಳಿದ ಮೇಲೆ ಒದ್ದೆ ಹೊಯಿಗೆಯಲ್ಲಿ ಹುಡುಗರು ಆಡುತ್ತಾರೆ. ಅಲ್ಲಿ ಚೆಂಡು ಏಳುವುದೇ ಇಲ್ಲ, ಕಾಲ ಹತ್ತಿರ ಜಾರಿಕೊಂಡು ಬರುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಭತ್ತದ ಬುಡ, ಹೆಂಟೆ ಇರುವುದರಿಂದ ಒಂದು ಚೆಂಡು ನೆಲ ಹಿಡಿದರೆ ಇನ್ನೊಂದು ಮುಖಕ್ಕೆ ಬರುತ್ತದೆ. ಕಾರ್ಕಳದ ಕಡೆ ಮುರಕಲ್ಲಿನ ಗಟ್ಟಿ ನೆಲ; ಚೆಂಡು ಎದೆಯ ತನಕ ಪುಟಿಯುತ್ತದೆ. ಮಣಿಪಾಲ ಗುಡ್ಡದ ಮೇಲಿನ ಊರು. ಸಂಜೆ ಪಡುವಣ ಗಾಳಿ ಬೀಸಿದರೆ ಎತ್ತಿ ಹೊಡೆದ ಚೆಂಡು ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ! ಇದರ ಮೇಲೆ ನಮ್ಮಲ್ಲಿ ಅಂಡರ್‌ಆರ್ಮ್ ಪಂದ್ಯಗಳು ಬೇರೆ ಉಂಟು. ಅದರಲ್ಲಿ ಬೆಳೆದವನಿಗೆ ತಗ್ಗಿನ ಚೆಂಡನ್ನು ಅಡ್ಡ ಬೀಸಿ ಹೊಡೆಯುವ ಅಭ್ಯಾಸ ಇರುತ್ತದೆ.

ಈಗ ಇದನ್ನೇ ದೊಡ್ಡದು ಮಾಡಿ ನೋಡಿ. ಭಾರತದ ಒಣ ಪಿಚ್ಚುಗಳು ಮೂರನೇ, ನಾಲ್ಕನೇ ದಿನಕ್ಕೆ ಬಿರುಕು ಬಿಟ್ಟು ಸ್ಪಿನ್ ಚೆಂಡು ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಹಸಿರು ಹುಲ್ಲು, ಮೋಡದ ಆಕಾಶ; ಚೆಂಡು ಗಾಳಿಯಲ್ಲೇ ಬಾಗುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಚೆಂಡು ಎತ್ತರಕ್ಕೆ ಪುಟಿಯುತ್ತದೆ. ಚೆಂಡು ಕೂಡ ಬೇರೆ ಬೇರೆ: ಟೆಸ್ಟ್‌ಗೆ ಭಾರತದಲ್ಲಿ ಎಸ್.ಜಿ., ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾದಲ್ಲಿ ಕೂಕಬುರಾ. ಮೊದಲು ಅಂಪೈರುಗಳೂ ಆತಿಥೇಯ ದೇಶದವರೇ ಇರುತ್ತಿದ್ದರು. 1994ರಿಂದ ಪ್ರತಿ ಟೆಸ್ಟಿಗೆ ಒಬ್ಬ, 2002ರಿಂದ ಇಬ್ಬರೂ ತಟಸ್ಥ ದೇಶದವರು ಎಂಬ ನಿಯಮ ಬಂತು. ಇದಲ್ಲದೆ ಊಟ, ನಿದ್ರೆ, ಹವೆ, ಜನರ ಕೂಗು ಎಲ್ಲವೂ ಸೇರಿ ‘ಮನೆ’ ಆಗುತ್ತದೆ.

3. ‘ಹೊರಗೆ’ ಎಂಬುದು ಒಂದೇ ಜಾಗ ಅಲ್ಲ

ದ್ರಾವಿಡ್ ಅವರ ಹೊರಗಿನ ಸರಾಸರಿ 53 ಎಂದೆವು. ಅದನ್ನು ಬಿಡಿಸಿ ನೋಡಿದರೆ ಇನ್ನೊಂದು ಕತೆ ಕಾಣುತ್ತದೆ. ಇಂಗ್ಲೆಂಡಿನಲ್ಲಿ 13 ಟೆಸ್ಟ್‌ಗಳಲ್ಲಿ 1376 ರನ್, ಸರಾಸರಿ 68.80, 6 ಶತಕ. ಅದರಲ್ಲಿ 3 ಶತಕ 2002ರಲ್ಲಿ, 3 ಶತಕ 2011ರಲ್ಲಿ. ದಕ್ಷಿಣ ಆಫ್ರಿಕಾದಲ್ಲಿ 11 ಟೆಸ್ಟ್‌ಗಳಲ್ಲಿ 624 ರನ್, ಸರಾಸರಿ 29.71, ಒಂದೇ ಶತಕ. ಅದು 1997ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಹೊಡೆದ 148. ಆಗಿನ ಹತ್ತೂ ಟೆಸ್ಟ್ ದೇಶಗಳಲ್ಲಿ ಶತಕ ಹೊಡೆದ ಮೊದಲ ಬ್ಯಾಟ್ಸ್‌ಮನ್ ಅವರೇ. ಅಂಥವರಿಗೂ ಎಲ್ಲ ನೆಲವೂ ಒಂದೇ ರೀತಿ ಒಲಿಯಲಿಲ್ಲ.

‘ಮನೆ’ಯೂ ಹಾಗೆಯೇ. ತಮ್ಮ ಸ್ವಂತ ಊರಾದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದ್ರಾವಿಡ್ ಒಂದು ಟೆಸ್ಟ್ ಶತಕವನ್ನೂ ಹೊಡೆದಿಲ್ಲ. ಕೋಲ್ಕತ್ತ, ಅಹಮದಾಬಾದ್, ನಾಗಪುರಗಳಲ್ಲಿ ಹೊಡೆದಿದ್ದಾರೆ.

4. ಮನೆಯಲ್ಲಿ ಹೊಡೆದದ್ದೆಲ್ಲ ಸುಲಭವೇ?

ಭದ್ರಾವತಿಯ ಜಿ.ಆರ್. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6080 ರನ್ ಹೊಡೆದರು, 14 ಶತಕ. ಅವುಗಳಲ್ಲಿ 10 ಭಾರತದಲ್ಲಿ, 4 ಮಾತ್ರ ಹೊರಗೆ: ಪೋರ್ಟ್ ಆಫ್ ಸ್ಪೇನ್ (1976), ಫೈಸಲಾಬಾದ್ (1978), ಲಾರ್ಡ್ಸ್ (1979), ಮೆಲ್ಬೋರ್ನ್ (1981). ಗಾದೆ ಹಿಡಿದುಕೊಂಡು ಹೋದರೆ ಇವರನ್ನೂ ಊರಿನ ಹುಲಿ ಎನ್ನಬೇಕಾಗುತ್ತದೆ. ಹಾಗೆ ಹೇಳುವ ಮೊದಲು ಎರಡು ಇನಿಂಗ್ಸ್ ನೋಡಿ.

1975ರಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತರು. ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥ್ ಔಟಾಗದೆ 97. ಶತಕವೂ ಆಗಲಿಲ್ಲ, ಹೊರದೇಶವೂ ಅಲ್ಲ. ಆದರೂ ಆ ಪಂದ್ಯ ಭಾರತ ಗೆದ್ದಿತು. 1981ರಲ್ಲಿ ಮೆಲ್ಬೋರ್ನಿನಲ್ಲಿ ಭಾರತದ ಮೊದಲ ಇನಿಂಗ್ಸ್ ಮೊತ್ತ 237. ಅದರಲ್ಲಿ ಅವರದ್ದೇ 114. ಕೊನೆಗೆ ಆಸ್ಟ್ರೇಲಿಯಾ 83ಕ್ಕೆ ಆಲೌಟ್ ಆಗಿ ಭಾರತ 59 ರನ್ನುಗಳಿಂದ ಗೆದ್ದಿತು.

ಇವರ ಕೈ ತಯಾರಾದದ್ದು ಎಲ್ಲಿ? ಕರ್ನಾಟಕದಲ್ಲಿ ಶಾಲಾ ಪಂದ್ಯ, ಲೀಗ್ ಪಂದ್ಯಗಳು ಬಹಳ ವರ್ಷ ಮ್ಯಾಟ್ ಹಾಸಿದ ಪಿಚ್ಚಿನಲ್ಲಿ ನಡೆಯುತ್ತಿದ್ದವು. ಮ್ಯಾಟಿನ ಮೇಲೆ ಚೆಂಡು ಚೆನ್ನಾಗಿ ಪುಟಿಯುತ್ತದೆ. ಗಿಡ್ಡ ದೇಹದ ವಿಶ್ವನಾಥ್ ಸ್ಕ್ವೇರ್ ಕಟ್‌ಗೆ ಹೆಸರಾದದ್ದು ಸುಮ್ಮನೆ ಅಲ್ಲ. ಅಂದರೆ ಮನೆಯ ನೆಲ ರನ್ ಕೊಡುವುದು ಮಾತ್ರ ಅಲ್ಲ, ಆಟವನ್ನೂ ಕಲಿಸುತ್ತದೆ. ಕಲಿತದ್ದು ಕೆಲವು ಕಡೆ ಉಪಯೋಗಕ್ಕೆ ಬರುತ್ತದೆ, ಕೆಲವು ಕಡೆ ಹೊಸತಾಗಿ ಕಲಿಯಬೇಕಾಗುತ್ತದೆ.

5. ಮನೆಯ ಲಾಭ ಚೆನ್ನಾಗಿ ಕಾಣುವ ಲೆಕ್ಕ

ಮನೆಯ ಲಾಭ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಶ್ರೀಲಂಕಾದ ಮಹೇಲ ಜಯವರ್ಧನೆ ಕೊಲಂಬೊದ ಎಸ್.ಎಸ್.ಸಿ. ಮೈದಾನ ಒಂದರಲ್ಲೇ 27 ಟೆಸ್ಟ್ ಆಡಿ 2921 ರನ್, 11 ಶತಕ ಹೊಡೆದರು. ಸ್ವದೇಶದಲ್ಲಿ ಅವರ ಸರಾಸರಿ 60ರ ಹತ್ತಿರ, ಹೊರಗೆ 40ರ ಹತ್ತಿರ. 20 ರನ್ನಿನ ವ್ಯತ್ಯಾಸ ಸಣ್ಣದಲ್ಲ. ಆದರೂ ಅವರು 2002 ಮತ್ತು 2006ರಲ್ಲಿ ಲಾರ್ಡ್ಸ್‌ನಲ್ಲಿ ಶತಕ ಹೊಡೆದರು. ಹಾಗಾಗಿ ‘ಇಲಿ’ ಎಂಬ ಮಾತು ಅವರಿಗೂ ಹೊಂದುವುದಿಲ್ಲ.

ಇನ್ನು ಡಾನ್ ಬ್ರಾಡ್ಮನ್. ಆಸ್ಟ್ರೇಲಿಯಾದಲ್ಲಿ ಸರಾಸರಿ 98.22, ಇಂಗ್ಲೆಂಡಿನಲ್ಲಿ 102.84. ಅಬ್ಬಾ! ಆದರೆ ಅವರು ಟೆಸ್ಟ್ ಆಡಿದ್ದು ಈ ಎರಡೇ ದೇಶಗಳಲ್ಲಿ. ಭಾರತದ ತಿರುಗುವ ಪಿಚ್ಚಿನಲ್ಲಿ ಒಂದು ಟೆಸ್ಟ್ ಕೂಡ ಆಡಿಲ್ಲ.

6. ನಮ್ಮ ಕರಾವಳಿಯವರು

ಸುರತ್ಕಲ್ಲಿನ ಎನ್.ಐ.ಟಿ.ಕೆ. ವಠಾರದಲ್ಲಿ ಬೆಳೆದು ಮಂಗಳೂರಿನಲ್ಲಿ ಕ್ರಿಕೆಟ್ ಕಲಿತ ಕೆ.ಎಲ್. ರಾಹುಲ್ ನಮಗೆಲ್ಲ ಹತ್ತಿರದವರು. 2025ರ ಕೊನೆಗೆ ಅವರ ಟೆಸ್ಟ್ ಶತಕ 11. ಭಾರತದಲ್ಲಿ ಎಷ್ಟು ಗೊತ್ತುಂಟಾ? ಎರಡೇ! 2016ರಲ್ಲಿ ಚೆನ್ನೈಯಲ್ಲಿ 199, ಆಮೇಲೆ 2025ರಲ್ಲಿ ಅಹಮದಾಬಾದಿನಲ್ಲಿ 100. ಉಳಿದ 9 ಹೊರಗೆ: ಸಿಡ್ನಿ, ಕೊಲಂಬೊ, ಕಿಂಗ್‌ಸ್ಟನ್, ಓವಲ್, ಲೀಡ್ಸ್, ಲಾರ್ಡ್ಸ್‌ನಲ್ಲಿ ಎರಡು, ಸೆಂಚೂರಿಯನ್‌ನಲ್ಲಿ ಎರಡು. ನಮ್ಮ ಗಾದೆ ಇಲ್ಲಿ ಪೂರ್ತಿ ತಿರುಗಿ ನಿಂತಿದೆ. ಆದರೆ ಮೊದಲನೇ ಪಾಠ ಮರೆಯಬೇಡಿ. ಅವರು ಆಡಿದ ಟೆಸ್ಟ್‌ಗಳಲ್ಲಿ ಹೊರಗಿನವೇ ಹೆಚ್ಚು. ಶತಕದ ಎಣಿಕೆ ಒಂದರಿಂದಲೇ ‘ಹೊರಗಿನ ಹುಲಿ’ ಎಂದೂ ಹೇಳಬಾರದು.

7. ಈಗ ನಮ್ಮ ಸ್ಕೋರ್ ಪುಸ್ತಕ

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ಉಂಟು. ಕಳೆದ ವರ್ಷ ಕಡಲ ಕರೆಯಿಂದ ಒಬ್ಬ ಹುಡುಗ ನಮ್ಮ ಶಾಲೆಗೆ ಸೇರಿದ. ನಮ್ಮದು ಮುರಕಲ್ಲಿನ ಮೈದಾನ. ಮೊದಲ ಮೂರು ಆಟದಲ್ಲೂ ಚೆಂಡು ಎದೆಗೆ ಬಂದು ಬ್ಯಾಟಿನ ಮೇಲಂಚಿಗೆ ತಾಗಿ ಅವನು ಕ್ಯಾಚ್ ಕೊಟ್ಟ. ‘ಇವನಿಗೆ ಬ್ಯಾಟಿಂಗ್ ಬರೂದಿಲ್ಲ’ ಎಂದು ಹೇಳಿದರು. ವಲಯ ಮಟ್ಟದ ತಂಡದ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಅದೇ ಹುಡುಗ ಕಾಪುವಿನ ಹೊಯಿಗೆಯಲ್ಲಿ ಆಡಿದ ಸ್ನೇಹಪಂದ್ಯದಲ್ಲಿ ನಮ್ಮ ಕಡೆಯಿಂದ ಎಲ್ಲರಿಗಿಂತ ಹೆಚ್ಚು ರನ್ ಹೊಡೆದಿದ್ದ. ನಮ್ಮ ಮೈದಾನದಲ್ಲಿ ದಿನಾ ಸಿಕ್ಸರ್ ಹೊಡೆಯುವವರು ಅಂದು ಚೆಂಡಿಗೆ ಬ್ಯಾಟ್ ತಾಗಿಸಲಿಕ್ಕೇ ಕಷ್ಟಪಟ್ಟರು. ಎರಡೂ ಲೆಕ್ಕ ಪುಸ್ತಕದಲ್ಲಿ ಉಂಟು. ಎಲ್ಲಿ ಆಡಿದ್ದು ಎಂಬ ಕಾಲಂ ಮಾತ್ರ ಇಲ್ಲ. ಆದ್ದರಿಂದ ಒಟ್ಟು ರನ್ ನೋಡಿದವರಿಗೆ ಅವನು ಕಾಣಲಿಲ್ಲ.

ಹಾಗಾಗಿ ಈ ತಿಂಗಳಿಂದ ಪುಸ್ತಕದಲ್ಲಿ ಮೂರು ಹೊಸ ಕಾಲಂ ಗೆರೆ ಎಳೆದಿದ್ದೇನೆ: ಯಾವ ನೆಲ (ಹೊಯಿಗೆ, ಗದ್ದೆ, ಮುರಕಲ್ಲು), ಯಾವ ಚೆಂಡು (ಟೆನ್ನಿಸ್, ರಬ್ಬರ್, ಲೆದರ್), ಹೇಗೆ ಔಟು. ಮೂರು ಆಟದಿಂದ ಯಾರ ಹಣೆಬರಹವೂ ಗೊತ್ತಾಗುವುದಿಲ್ಲ. ಆದರೆ ಯಾರು ಯಾವ ನೆಲದಲ್ಲಿ ಕಷ್ಟಪಡುತ್ತಾರೆ ಎಂದು ಗೊತ್ತಾದರೆ ಅಭ್ಯಾಸ ಮಾಡಿಸಲಿಕ್ಕಾಗುತ್ತದೆ. ಪುಟಿಯುವ ಚೆಂಡಿಗೆ ಕಾಲು ಹಿಂದಿಟ್ಟು ಆಡುವುದನ್ನು ಅವನು ಕಲಿಯಬಹುದು. ತಗ್ಗಿನ ಚೆಂಡಿಗೆ ಮೊಣಕಾಲು ಬಗ್ಗಿಸಿ ಬ್ಯಾಟ್ ನೇರ ಹಿಡಿಯುವುದನ್ನು ನಮ್ಮವರು ಅವನಿಂದ ಕಲಿಯಬಹುದು. ಈ ಸಲ ತಂಡ ಆರಿಸುವಾಗ ಪಿ.ಟಿ. ಸರ್ ಮತ್ತು ಕ್ಯಾಪ್ಟನ್ ಈ ಕಾಲಂಗಳನ್ನೂ ನೋಡಬೇಕೆಂದು ನನ್ನ ವಿನಂತಿ.

ಮಾಡಿ ನೋಡಿ

(1) ಒಂದು ಟೆನ್ನಿಸ್ ಚೆಂಡನ್ನು ನಿಮ್ಮ ಎದೆಯ ಎತ್ತರದಿಂದ ಒದ್ದೆ ಹೊಯಿಗೆ, ಗದ್ದೆ, ಮುರಕಲ್ಲಿನ ನೆಲ, ಶಾಲೆಯ ಜಗಲಿ, ಈ ನಾಲ್ಕು ಕಡೆ ಬಿಡಿ. ಎಷ್ಟು ಪುಟಿಯಿತು ಎಂದು ಸ್ಕೇಲ್ ಹಿಡಿದು ಅಳೆಯಿರಿ. ಪ್ರತಿ ಕಡೆ ಐದು ಸಲ ಅಳೆದು ಸರಾಸರಿ ತೆಗೆಯಿರಿ.

(2) ಒಬ್ಬಳು ಮನೆಯ ಮೈದಾನದಲ್ಲಿ 8 ಸಲ ಔಟಾಗಿ 200 ರನ್, ಹೊರಗೆ 2 ಸಲ ಔಟಾಗಿ 20 ರನ್ ಹೊಡೆದಿದ್ದಾಳೆ. ಮೂರೂ ಸರಾಸರಿ ಹೇಳಿ (ಮನೆ, ಹೊರಗೆ, ಒಟ್ಟು). ಎರಡು ಸಲ ಔಟಾದದ್ದನ್ನು ನೋಡಿ ಅವಳನ್ನು ತಂಡದಿಂದ ಬಿಡಬಹುದೇ? ಕಾರಣ ಬರೆಯಿರಿ.

ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಹತ್ತಿರ ಕೊಡಿ. ಸರಿಯಾದ ಉತ್ತರಗಳನ್ನು, ಒಳ್ಳೆಯ ಕಾರಣಗಳನ್ನು ಮುಂದಿನ ತಿಂಗಳ ಗೋಡೆಪತ್ರಿಕೆಯಲ್ಲಿ ಬರೆಯುತ್ತೇನೆ.