ಮುಪ್ಪಿಗೆ ತಕ್ಕ ಮನೆ

'ವಯಸ್ಸಾಗಿತ್ತು, ಬಿದ್ದರು' ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬೀಳಲು ವಯಸ್ಸೊಂದೇ ಕಾರಣವಲ್ಲ. ಎತ್ತರದ ಹೊಸ್ತಿಲು, ಪಾಚಿ ಕಟ್ಟಿದ ಬಚ್ಚಲು, ಕತ್ತಲೆಯ ನಡುಮನೆಯೂ ಕಾರಣ. ವಯಸ್ಸನ್ನು ತಡೆಯಲಾಗದು, ಮನೆಯನ್ನು ತಿದ್ದಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಮುಪ್ಪಿನಲ್ಲಿ ಮೂಳೆ ಟೊಳ್ಳಾಗುವುದರಿಂದ ಸ್ವಲ್ಪ ಜಾರಿದರೂ ಸೊಂಟದ ಬಳಿ ತೊಡೆಮೂಳೆ ಮುರಿಯಬಹುದು. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು, ನ್ಯುಮೋನಿಯಾದ ಭಯ ಬೇರೆ.

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಕಡೆ ಶೇಂಗಾ ಹೊಲದಲ್ಲಿ ಬಗ್ಗಿ ದುಡಿದವರು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವರು ಇದ್ದಾರೆ. ಇಂಥವರ ಮಂಡಿ, ಸೊಂಟ ಮೊದಲೇ ದಣಿದಿರುತ್ತವೆ. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರನ್ನು ಬಹುಕಾಲ ಕುಡಿದವರಲ್ಲಿ ಕೀಲುಗಳು ಬಿಗಿದುಕೊಳ್ಳುವುದೂ ಉಂಟು. ಅವರ ಮನೆಯಲ್ಲಿ ಈ ಕೆಳಗಿನ ಬದಲಾವಣೆ ಮಾಡಿದರೆ ಒಳ್ಳೆಯದು.

ಬೆಳಕು: ಇಪ್ಪತ್ತರ ಹರೆಯದವರ ಕಣ್ಣಿನೊಳಗೆ ಸೇರುವ ಬೆಳಕಿನ ಮೂರನೇ ಒಂದು ಭಾಗವಷ್ಟೇ ಅರವತ್ತರವರ ಕಣ್ಣಿಗೆ ಸಿಗುತ್ತದೆ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪವಿರಲಿ.

ಹೊಸ್ತಿಲು: ಕಿತ್ತುಹಾಕಬೇಕಿಲ್ಲ. ಹೊಸ್ತಿಲಿಗೆ ಹಳದಿ ಬಳಿಯುವ ರೂಢಿ ಇಲ್ಲಿ ಉಪಕಾರಿ. ಅಂಚು ಎದ್ದು ಕಾಣುತ್ತದೆ. ಪಕ್ಕದಲ್ಲಿ ಹಿಡಿಕೆಯೊಂದನ್ನು ಹಾಕಿಸಿ.

ಬಚ್ಚಲು, ಶೌಚಾಲಯ: ನೆಲ ಒರಟಾಗಿರಲಿ, ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿ ತೆಗೆಯಿರಿ. ಸೊಂಟದ ಎತ್ತರಕ್ಕೆ ಗಟ್ಟಿ ಪೈಪನ್ನು ಗೋಡೆಗೆ ಭದ್ರವಾಗಿ ಕೂರಿಸಿ. ಟವೆಲ್ ಹಾಕುವ ಸರಳು ಮೈಭಾರ ತಡೆಯದು. ಕುಕ್ಕುರುಗಾಲಲ್ಲಿ ಕೂರಲಾಗದವರಿಗೆ 17–18 ಅಂಗುಲ ಎತ್ತರದ ಕಮೋಡ್ ಕುರ್ಚಿ ಸಾಕು. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ.

ಮಗ್ಗ: ಗುಂಡಿಯಿಂದ ಮೇಲೇಳಲು ಒಂದು ಮೆಟ್ಟಿಲು, ಕೈಗೆ ಸಿಗುವಂತೆ ಭದ್ರವಾದ ಗೂಟ ಬೇಕು.

ಊರುಗೋಲು: ನೇರವಾಗಿ ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ತುದಿಗೆ ರಬ್ಬರ್ ಇರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು.

ಮಲಗಿದ್ದವರು ಒಮ್ಮೆಲೇ ಏಳದೆ, ಒಂದೆರಡು ನಿಮಿಷ ಕುಳಿತು ಏಳಬೇಕು. ರಕ್ತದೊತ್ತಡದ ಅಥವಾ ನಿದ್ರೆಯ ಮಾತ್ರೆಯಿಂದ ತಲೆ ಸುತ್ತಿದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಬಿದ್ದ ಮೇಲೆ ನಿಲ್ಲಲಾಗದಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇದಕ್ಕೆಲ್ಲ ಹೆಚ್ಚಿನ ಖರ್ಚಿಲ್ಲ. ಗಾರೆಯವರನ್ನು ಕರೆಸುವ ಮೊದಲು ಮನೆಯ ಅಜ್ಜ, ಅಜ್ಜಿಯನ್ನೇ ಕೇಳಿ: 'ನಿಮಗೆ ಎಲ್ಲಿ ಭಯವಾಗುತ್ತದೆ?' ಕೆಲಸ ಅಲ್ಲಿಂದಲೇ ಶುರುವಾಗಲಿ.