ಹೈಪೊ ಮತ್ತು ಹೈಪರ್

ನಮ್ಮ ನಾನಿಗೆ ಸಕ್ಕರೆ ಕಾಯಿಲೆ. ಕಳೆದ ಸಲ ಆಸ್ಪತ್ರೆಯಿಂದ ಬಂದಾಗ ಡಿಸ್‌ಚಾರ್ಜ್ ಚೀಟಿಯಲ್ಲಿ ‘ಹೈಪೊಗ್ಲೈಸೀಮಿಯಾ’ ಎಂದಿತ್ತು. ಓದಿದ ನಾನು, ‘ಶುಗರ್ ಜಾಸ್ತಿಯಾಗಿದೆ’ ಎಂದು ಮನೆಯವರಿಗೆ ಉರ್ದುವಿನಲ್ಲಿ ಹೇಳಿಬಿಟ್ಟೆ. ಅಮ್ಮ ಸಿಹಿ ಡಬ್ಬವನ್ನೆಲ್ಲ ಮೇಲಿಟ್ಟರು.

ನರ್ಸಿಂಗ್ ಓದುವ ಪಕ್ಕದ ಮನೆಯ ಆಪಾ ತಮ್ಮ ಟೇಬರ್ಸ್ ವೈದ್ಯಕೀಯ ನಿಘಂಟು ತಂದು ತೋರಿಸಿದರು. ಅದರಲ್ಲಿ ಅರ್ಥದ ಜೊತೆಗೆ ಲಕ್ಷಣ, ಆರೈಕೆಯ ವಿವರಗಳೂ ಇರುತ್ತವೆ. ಡಾರ್ಲೆಂಡ್ ನಿಘಂಟು ಇದಕ್ಕಿಂತ ಹಳೆಯದು; 1900ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾಯಿತು.

ವೈದ್ಯಕೀಯ ಪದಗಳಲ್ಲಿ ಬಹಳಷ್ಟು ಗ್ರೀಕ್, ಲ್ಯಾಟಿನ್ ತುಂಡುಗಳಿಂದ ಆದವು. ಬಿಡಿಸಿದರೆ ಅರ್ಥ ಸಿಗುತ್ತದೆ:

ಹೈಪೊ – ಕಡಿಮೆ
ಹೈಪರ್ – ಹೆಚ್ಚು
ಗ್ಲೈಸ್ – ಸಕ್ಕರೆ
ಈಮಿಯಾ – ರಕ್ತದ ಸ್ಥಿತಿ

ಅಂದರೆ ನಾನಿಯ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿತ್ತು! ಆಗ ಬೆವರು, ನಡುಕ ಬರುತ್ತದೆ. ಎಚ್ಚರವಿದ್ದು ನುಂಗಲು ಆಗುವವರಿಗೆ ಕೂಡಲೇ ಸಕ್ಕರೆ ಕೊಡಬೇಕು. ನಾವು ಅದನ್ನೇ ಎತ್ತಿಟ್ಟಿದ್ದೆವು.

ನಿಘಂಟು ಪದದ ಅರ್ಥ ಹೇಳುತ್ತದೆ, ಔಷಧಿ ಬರೆಯುವುದಿಲ್ಲ. ಅದಕ್ಕೆ ವೈದ್ಯರನ್ನೇ ಕೇಳಬೇಕು.

ಅಕೌಂಟೆನ್ಸಿಯಲ್ಲಿ ಡೆಬಿಟ್, ಕ್ರೆಡಿಟ್ ಅದಲುಬದಲಾದರೆ ತಿದ್ದುಪಡಿ ನಮೂದು ಬರೆಯಬಹುದು. ಇಲ್ಲಿ ಆ ಅವಕಾಶ ಸಿಗದೇ ಹೋಗಬಹುದು. ಗೊತ್ತಿಲ್ಲದ ಪದವನ್ನು ಊಹಿಸಬೇಡಿ, ತೆರೆದು ನೋಡಿ.