ಹಳೆಯ ಟ್ರ್ಯಾಕ್ಟರಿನ ಹೆಡ್‌ಲೈಟು: ದೋಷ ಹುಡುಕುವ ಕ್ರಮ

ಸುಗ್ಗಿಯ ಕಾಲದಲ್ಲಿ ಟ್ರ್ಯಾಕ್ಟರಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಬಾಗಲವಾಡದಲ್ಲಿ ಸಂಜೆ ಭತ್ತವನ್ನೋ ಹತ್ತಿಯನ್ನೋ ಹೇರಿಕೊಂಡು ಹೊರಟ ಟ್ರೇಲರು ಕವಿತಾಳ, ಸಿರವಾರ, ಕಲ್ಲೂರುಗಳನ್ನು ದಾಟಿ ರಾಯಚೂರಿನ ಮಾರುಕಟ್ಟೆ ಸೇರುವ ಹೊತ್ತಿಗೆ ಕತ್ತಲು ಕವಿದು ಎಷ್ಟೋ ಹೊತ್ತಾಗಿರುತ್ತದೆ. ಅಂಥ ಪ್ರಯಾಣದಲ್ಲಿ ಎಂಜಿನು ಸಣ್ಣಗೆ ಕೆಮ್ಮಿದರೂ ರೈತರು ತಕ್ಷಣ ಗಮನಿಸುತ್ತಾರೆ. ದೀಪ ಮಂಕಾದರೆ ಮಾತ್ರ ‘ಇವತ್ತೊಂದು ದಿನ ನಡೀಲಿ’ ಎಂದು ಮುಂದುವರಿಯುವುದೇ ಹೆಚ್ಚು. ರಾತ್ರಿ ರಸ್ತೆಯಲ್ಲಿ ಪ್ರಾಣ ಕಾಯುವುದು ಎಂಜಿನಲ್ಲ, ದೀಪ.

ದೀಪ ಕೆಟ್ಟಾಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲು ಹೊಸ ಬಲ್ಬು ಹಾಕಲಾಗುತ್ತದೆ. ಎರಡು ದಿನ ಪರವಾಗಿಲ್ಲ ಎನ್ನಿಸುತ್ತದೆ, ಮತ್ತೆ ಮಂಕು. ಆಮೇಲೆ ಹೆಚ್ಚು ವ್ಯಾಟಿನ ಬಲ್ಬು, ಕೊನೆಗೆ ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ತಪ್ಪು ಬಲ್ಬಿನದಾಗಿರುವುದಕ್ಕಿಂತ ತುಕ್ಕು ಹಿಡಿದ ಜೋಡಣೆಯದಾಗಿರುವುದೇ ಹೆಚ್ಚು. ಅದರಲ್ಲೂ ಅರ್ತಿಂಗ್ ಜೋಡಣೆಯನ್ನು ಯಾರೂ ನೋಡುವುದಿಲ್ಲ.

ವಿದ್ಯುತ್ತು ಹೋಗುವ ದಾರಿ, ಬರುವ ದಾರಿ

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಜು, ಲೈಟಿನ ಸ್ವಿಚ್ಚು, ಡಿಪ್ ಸ್ವಿಚ್ಚು, ಜೋಡಣೆಯ ಪಿನ್ನುಗಳ ಮೂಲಕ ಬಲ್ಬನ್ನು ಮುಟ್ಟುತ್ತದೆ. ಬಲ್ಬು ಉರಿಯಬೇಕಾದರೆ ಅದು ಮರಳಿ ಬ್ಯಾಟರಿಗೆ ಬರಲೇಬೇಕು. ಹೋಗುವುದಕ್ಕೆ ವೈರು ಉಂಟು. ಬರುವುದಕ್ಕೆ ಬಹುಪಾಲು ಪ್ರತ್ಯೇಕ ವೈರಿಲ್ಲ, ಟ್ರ್ಯಾಕ್ಟರಿನ ಕಬ್ಬಿಣದ ಮೈಯೇ ದಾರಿ. ಇದಕ್ಕೇ ಅರ್ತಿಂಗ್ ಎನ್ನುತ್ತಾರೆ. ದೀಪದ ಡಬ್ಬಿಯಿಂದ ಬಾನೆಟ್ಟಿಗೆ, ಬಾನೆಟ್ಟಿನಿಂದ ಚಾಸಿಗೆ, ಚಾಸಿಯಿಂದ ದಪ್ಪ ಪಟ್ಟಿಯ ಮೂಲಕ ಬ್ಯಾಟರಿಗೆ. ಈ ಮೂರು ಜೋಡಣೆಗಳಲ್ಲಿ ಒಂದಕ್ಕೆ ತುಕ್ಕು ಹಿಡಿದರೂ ಬೆಳಕು ಕುಗ್ಗುತ್ತದೆ. ಕಾಲುವೆ ತಲೆಯಲ್ಲಿ ನೀರು ತುಂಬಿ ಹರಿದರೂ ನಡುವೆ ತೂಬು ಕಟ್ಟಿಕೊಂಡರೆ ಕೊನೆಯ ಗದ್ದೆ ಒಣಗುವುದಿಲ್ಲವೆ? ಹಾಗೆಯೇ ಇದು.

ಮಾನ್ವಿ, ದೇವದುರ್ಗದ ಕಡೆ ತುಕ್ಕಿಗೆ ಕಾರಣಗಳು ಬೇಕಾದಷ್ಟಿವೆ. ಕೇಜ್‌ವೀಲ್ ಕಟ್ಟಿ ಕೆಸರು ಗದ್ದೆ ಹದಮಾಡುವಾಗ ನೀರು ಡಬ್ಬಿಯೊಳಕ್ಕೆ ಸಿಡಿಯುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ದೂಳು ಅದರ ಮೇಲೆ ಕೂರುತ್ತದೆ. ಇವೆರಡಕ್ಕಿಂತ ಹೆಚ್ಚು ಮೋಸಮಾಡುವುದು ಬಣ್ಣ. ಆಯುಧ ಪೂಜೆಗೆಂದು ಟ್ರ್ಯಾಕ್ಟರಿಗೆ ಹೊಸ ಬಣ್ಣ ಬಳಿಸುವಾಗ ದೀಪದ ಬ್ರಾಕೆಟ್ಟು ಬಿಚ್ಚಿ, ಎರಡೂ ಕಡೆ ಬಣ್ಣ ಹೊಡೆದು, ಮತ್ತೆ ಬಿಗಿಯುತ್ತಾರೆ. ಬಣ್ಣ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ನೋಡಲು ಟ್ರ್ಯಾಕ್ಟರು ಮದುವಣಗಿತ್ತಿ, ದೀಪ ಮಾತ್ರ ಮಿಣಮಿಣ. ಬಾನೆಟ್ಟಿನ ಕೆಳಗೆ ರಬ್ಬರಿನ ಬುಷ್ ಇರುವ ಮಾದರಿಗಳಲ್ಲಿಯೂ ಇದೇ ತೊಂದರೆ.

ಲಕ್ಷಣ ನೋಡಿ ದೋಷ ಊಹಿಸುವುದು

ಉಪಕರಣ ಹಿಡಿಯುವ ಮುನ್ನ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಒಂದೇ ದೀಪ ಮಂಕಾಗಿದ್ದರೆ ದೋಷ ಆ ದೀಪದ ಹೋಲ್ಡರು ಇಲ್ಲವೆ ಅದರ ಅರ್ತಿಂಗಿನಲ್ಲಿದೆ. ಎರಡೂ ಒಂದೇ ಸಮ ಮಂಕಾಗಿದ್ದರೆ ಎರಡಕ್ಕೂ ಸೇರಿದ ಕಡೆ, ಅಂದರೆ ಸ್ವಿಚ್ಚು, ಫ್ಯೂಜಿನ ಹಿಡಿಕೆ, ಬಾನೆಟ್ಟಿನ ಅರ್ತಿಂಗು ಅಥವಾ ಬ್ಯಾಟರಿಯಲ್ಲಿ ಹುಡುಕಬೇಕು. ಗುಂಡಿಗೆ ಇಳಿದಾಗ ಮಿನುಗಿದರೆ ಎಲ್ಲೋ ಸಡಿಲವಿದೆ. ಹೈ ಬೀಮ್ ಹಾಕಿದಾಗ ಅದೇ ಬಲ್ಬಿನ ಎರಡೂ ತಂತಿಗಳು ಕೆಂಪಗೆ ಮಿಣುಕಿದರೆ, ಅಥವಾ ಸಂಬಂಧವೇ ಇಲ್ಲದ ಪಾರ್ಕಿಂಗ್ ದೀಪವೂ ಜೊತೆಗೆ ಮಿಣುಕಿದರೆ, ಅರ್ತಿಂಗ್ ಕಡಿದಿದೆ ಎಂದೇ ತಿಳಿಯಬಹುದು. ತನ್ನ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಪಕ್ಕದವರ ಹೊಲದ ಮೇಲೆ ಹಾಯ್ದು ಹೋಗುತ್ತಿರುತ್ತದೆ.

ಇನ್ನೊಂದು ಸುಲಭದ ಗುರುತು ಇದೆ. ಸೆಲ್ಫ್ ಸ್ಟಾರ್ಟರು ಎಳೆಯುವ ವಿದ್ಯುತ್ತು ನೂರು ಆಂಪಿಯರಿಗೂ ಮಿಕ್ಕಿದ್ದು. ಎರಡು ಹೆಡ್‌ಲೈಟುಗಳದು ಹತ್ತರ ಒಳಗೆ. ಸೆಲ್ಫು ಗಟ್ಟಿಯಾಗಿ ತಿರುಗಿಸುತ್ತಿದ್ದರೆ ಬ್ಯಾಟರಿಯೂ ದಪ್ಪ ಪಟ್ಟಿಯೂ ಸರಿಯಾಗಿವೆ ಎಂದರ್ಥ. ಆಗ ಬ್ಯಾಟರಿ ಬದಲಿಸಲು ಹೇಳುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಪರೀಕ್ಷೆಯ ದೀಪ

ಇಂಡಿಕೇಟರಿನ 12 ವೋಲ್ಟು, 21 ವ್ಯಾಟಿನ ಬಲ್ಬೊಂದನ್ನು ಹೋಲ್ಡರಿನಲ್ಲಿಟ್ಟು ಒಂದೊಂದು ಮಾರು ಉದ್ದದ ಎರಡು ವೈರು ಜೋಡಿಸಿದರೆ ಪರೀಕ್ಷೆಯ ದೀಪ ಸಿದ್ಧ. ತೀರ ಸಣ್ಣ ಬಲ್ಬು ಅಥವಾ ಟೆಸ್ಟರು ಇದಕ್ಕೆ ತಕ್ಕುದಲ್ಲ. ಅವು ಎಳೆಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ತುಕ್ಕು ಹಿಡಿದ ಜೋಡಣೆಯ ಆಚೆಗೂ ಚೆನ್ನಾಗಿ ಉರಿದು ಮೋಸಮಾಡುತ್ತವೆ. ಇದೇ ಕಾರಣಕ್ಕೆ, ಪರೀಕ್ಷೆ ನಡೆಯುವಾಗ ಹೆಡ್‌ಲೈಟಿನ ಬಲ್ಬನ್ನು ಬಿಚ್ಚದೆ ಸ್ವಿಚ್ಚು ಹಾಕಿಯೇ ಇಟ್ಟಿರಬೇಕು.

ದೀಪದ ಒಂದು ವೈರನ್ನು ಬ್ಯಾಟರಿಯ ಅರ್ತಿಂಗ್ ತುದಿಗೆ ಕಟ್ಟಬೇಕು. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಇದು ನೆಗೆಟಿವ್. ತೀರ ಹಳೆಯ ಕೆಲವು ಯಂತ್ರಗಳಲ್ಲಿ ಪಾಸಿಟಿವ್ ತುದಿಯನ್ನೇ ಮೈಗೆ ಕೊಟ್ಟಿರುವುದುಂಟು. ಆದುದರಿಂದ ಚಾಸಿಗೆ ಹೋಗಿರುವ ಪಟ್ಟಿ ಯಾವ ತುದಿಯದೆಂದು ಮೊದಲು ಕಣ್ಣಾರೆ ನೋಡಿಕೊಳ್ಳಬೇಕು. ಇನ್ನೊಂದು ವೈರಿನ ತುದಿಯನ್ನು ಫ್ಯೂಜಿನ ಈಚೆ, ಫ್ಯೂಜಿನ ಆಚೆ, ಸ್ವಿಚ್ಚಿಗೆ ಬರುವ ಕಡೆ, ಹೋಗುವ ಕಡೆ, ಡಿಪ್ ಸ್ವಿಚ್ಚು, ಕೊನೆಗೆ ಬಲ್ಬಿನ ಪಿನ್ನು, ಹೀಗೆ ಒಂದೊಂದಾಗಿ ಮುಟ್ಟಿಸುತ್ತ ಹೋಗಬೇಕು. ಎಲ್ಲಿ ಬೆಳಕು ಕುಗ್ಗುತ್ತದೆಯೋ, ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ದೋಷವಿದೆ.

ಬಲ್ಬಿನ ಪಿನ್ನಿನವರೆಗೂ ಬೆಳಕು ಚೆನ್ನಾಗಿದ್ದರೆ ಈಗ ಅದೇ ತುದಿಯನ್ನು ಹೆಡ್‌ಲೈಟಿನ ಡಬ್ಬಿಯ ಬರಿಯ ಲೋಹಕ್ಕೆ ಮುಟ್ಟಿಸಬೇಕು. ಇಲ್ಲಿ ಪರೀಕ್ಷೆಯ ದೀಪ ಉರಿಯಬಾರದು. ಸ್ವಲ್ಪ ಮಿಣುಕಿದರೂ ಡಬ್ಬಿಗೆ ಅರ್ತಿಂಗ್ ಇಲ್ಲ. ಖಚಿತ ಮಾಡಿಕೊಳ್ಳಲು ಒಂದು ತುಂಡು ದಪ್ಪ ವೈರಿನಿಂದ ಡಬ್ಬಿಯನ್ನೂ ಬ್ಯಾಟರಿಯ ಅರ್ತಿಂಗ್ ತುದಿಯನ್ನೂ ನೇರವಾಗಿ ಸೇರಿಸಿ ನೋಡಬೇಕು. ಹೆಡ್‌ಲೈಟು ಥಟ್ಟನೆ ಬೆಳ್ಳಗಾದರೆ ಕಳ್ಳ ಸಿಕ್ಕಿದ!

ದುರಸ್ತಿಗೆ ಮುನ್ನ ಬ್ಯಾಟರಿಯ ಅರ್ತಿಂಗ್ ತುದಿಯನ್ನು ಬಿಚ್ಚಿಡಬೇಕು. ಕೆಲಸ ಮುಗಿದ ಮೇಲೆ ಅದನ್ನು ಕೊನೆಯಲ್ಲಿ ಜೋಡಿಸಬೇಕು. ಬ್ರಾಕೆಟ್ಟು ಕೂರುವ ಜಾಗದ ಬಣ್ಣವನ್ನೂ ತುಕ್ಕನ್ನೂ ಉಪ್ಪು ಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಬೇಕು. ಬೋಲ್ಟಿಗೆ ಹಲ್ಲಿರುವ ವಾಷರು ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮಳೆಗಾಲದಲ್ಲಿ ನೀರು ಹಿಡಿಯುವುದಿಲ್ಲ. ಇದಕ್ಕಿಂತ ಭದ್ರವಾದ ಕ್ರಮವೆಂದರೆ ಎರಡೂ ಡಬ್ಬಿಗಳಿಂದ ಪ್ರತ್ಯೇಕ ಅರ್ತಿಂಗ್ ವೈರನ್ನು ಚಾಸಿಗೇ ಎಳೆದುಬಿಡುವುದು. ಎಚ್‌ಎಂಟಿಯಂಥ ಹಳೆಯ ಟ್ರ್ಯಾಕ್ಟರುಗಳಿಗೆ ಇದು ಅವಶ್ಯವೆಂದೇ ಹೇಳಬೇಕು. ಪಿಂಜೋರಿನಲ್ಲಿ 1971ರಲ್ಲಿ ಆರಂಭವಾದ ಆ ತಯಾರಿಕೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಇಂದು ಉಳಿದಿರುವ ಯಂತ್ರಗಳಲ್ಲಿ ಅನೇಕವು ಊರೂರ ಮಿಸ್ತ್ರಿಗಳು ಕೈಗೆ ಸಿಕ್ಕ ಬಣ್ಣದ ವೈರು ಸೇರಿಸಿದವು. ಬಣ್ಣ ನಂಬಿ ವೈರು ಹುಡುಕಿದರೆ ದಿನವೆಲ್ಲ ಹುಡುಕಬೇಕಾದೀತು.

ಸ್ವಲ್ಪ ಲೆಕ್ಕ

ಜೋಡಣೆಯಲ್ಲಿ ಒಂದು ವೋಲ್ಟು ಸೋರಿದರೆ ಏನು ಮಹಾ ಎಂದು ತೋರಬಹುದು. ಆದರೆ ಬಲ್ಬಿನ ಸ್ವಭಾವ ಬೇರೆ. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಮೂರು ಪಾಲು ಇಳಿಯುತ್ತದೆ. 12 ವೋಲ್ಟು ಬೇಕಾದ ಕಡೆ 10.8 ತಲುಪಿದರೆ ಬೆಳಕಿನಲ್ಲಿ ಉಳಿದದ್ದು ಏಳು ಪಾಲು ಮಾತ್ರ.

55 ವ್ಯಾಟಿನ ಎರಡು ಬಲ್ಬುಗಳು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅವಕ್ಕೆ 4 ಮೀಟರು ಉದ್ದದ, 1 ಚದರ ಮಿಲಿಮೀಟರಿನ ಮನೆಯ ವೈರು ಹಾಕಿದರೆ ವೈರಿನಲ್ಲಿಯೇ 0.6 ವೋಲ್ಟು ಕರಗುತ್ತದೆ. 2.5 ಚದರ ಮಿಲಿಮೀಟರಿನ ವೈರಾದರೆ ಅದು 0.25ಕ್ಕೆ ಇಳಿಯುತ್ತದೆ. ಮಲ್ಟಿಮೀಟರು ಇದ್ದವರು ದೀಪ ಉರಿಯುತ್ತಿರುವಾಗ ಬ್ಯಾಟರಿಯ ಪಾಸಿಟಿವ್ ತುದಿಗೂ ಬಲ್ಬಿನ ಪಿನ್ನಿಗೂ ನಡುವೆ ಅಳೆದು ನೋಡಬಹುದು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದಾರಿಯಲ್ಲಿ ಸೋರಿಕೆಯಿದೆ. ಡಬ್ಬಿಗೂ ಬ್ಯಾಟರಿಯ ಅರ್ತಿಂಗ್ ತುದಿಗೂ ನಡುವೆ 0.2 ವೋಲ್ಟಿನ ಒಳಗಿರಬೇಕು. (ಮೈಗೆ ಪಾಸಿಟಿವ್ ಕೊಟ್ಟಿರುವ ಯಂತ್ರದಲ್ಲಿ ತುದಿಗಳು ಅದಲುಬದಲು.)

ಮಂಕು ಬೆಳಕಿಗೆ 100 ವ್ಯಾಟಿನ ಬಲ್ಬು ಮದ್ದಲ್ಲ. ಅದು ಹಳೆಯ ವೈರಿನ ಮೇಲೆ ಇನ್ನಷ್ಟು ಹೊರೆ ಹಾಕಿ ಹೋಲ್ಡರನ್ನು ಕರಗಿಸುತ್ತದೆ. ಹಳೆಯ ಸ್ವಿಚ್ಚನ್ನು ಉಳಿಸಿಕೊಳ್ಳಬೇಕೆನ್ನುವವರು ರಿಲೇ ಕೂಡಿಸಿ, ಬ್ಯಾಟರಿಯಿಂದ ಫ್ಯೂಜಿನ ಮೂಲಕ ನೇರ ವೈರು ತರುವುದು ಮೇಲು.

ಫ್ಯೂಜು ಮತ್ತು ಇಲಿ

ಟ್ರ್ಯಾಕ್ಟರನ್ನು ಬಣವೆಯ ಪಕ್ಕದಲ್ಲಿ ನಿಲ್ಲಿಸುವ ರೂಢಿ ಎಲ್ಲ ಕಡೆ ಇದೆ. ಬಣವೆಯಲ್ಲಿ ಇಲಿ ಇದ್ದೇ ಇರುತ್ತದೆ. ಅದು ವೈರಿನ ಮೇಲ್ಪದರ ಕಡಿದರೆ ಬರಿಯ ತಂತಿ ಮೈಗೆ ತಗಲಿ ಫ್ಯೂಜು ಸುಡುತ್ತದೆ. ಫ್ಯೂಜು ಸುಟ್ಟಿತೆಂದರೆ ಅದು ತನ್ನ ಕೆಲಸ ಮಾಡಿತು. ಅಲ್ಲಿಗೆ ತಾಮ್ರದ ತಂತಿಯನ್ನೋ ಸಿಗರೇಟಿನ ಬೆಳ್ಳಿ ಕಾಗದವನ್ನೋ ಸುತ್ತಿದರೆ ಮುಂದಿನ ಸಲ ಸುಡುವುದು ವೈರು, ವೈರಿನೊಡನೆ ಡೀಸೆಲ್ ಪೈಪು. ಹಿಂದೆ ಟ್ರೇಲರಿನಲ್ಲಿ ಹತ್ತಿ ಇದ್ದರೆ ಆಮೇಲೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊದಲಿದ್ದ ಆಂಪಿಯರಿನ ಫ್ಯೂಜನ್ನೇ ಹಾಕಬೇಕು. ಎರಡನೆಯದೂ ಕೂಡಲೆ ಸುಟ್ಟರೆ ದೀಪ ಆರಿಸಿ, ಬರಿಯ ತಂತಿ ತಗಲಿದ ಜಾಗ ಹುಡುಕಬೇಕು.

ಬ್ಯಾಟರಿ ತುಂಬುತ್ತಿದೆಯೆ?

ಎಂಜಿನಿನ ವೇಗ ಏರಿಸಿದಾಗ ಬೆಳಕು ಏರಿ, ಇಳಿಸಿದಾಗ ತೀರ ಕುಸಿದರೆ ಬ್ಯಾಟರಿ ಸೊರಗಿದೆ. ಡೈನಮೋ ಇರುವ ಹಳೆಯ ಯಂತ್ರಗಳು ನಿಧಾನ ವೇಗದಲ್ಲಿ ಚಾರ್ಜು ಮಾಡುವುದಿಲ್ಲವಾದ್ದರಿಂದ ಸ್ವಲ್ಪ ಏರಿಳಿತ ಸಹಜ. ನಿಂತ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸಬೇಕು. ಎಂಜಿನು ಮಧ್ಯಮ ವೇಗದಲ್ಲಿರುವಾಗ 13.5ರಿಂದ 14.4. ಏರದಿದ್ದರೆ ಬೆಲ್ಟು, ಕಾರ್ಬನ್ ಬ್ರಷ್, ಕಟೌಟು ನೋಡಿಸಬೇಕು. 15 ದಾಟಿದರೆ ಬಲ್ಬುಗಳು ಪದೇ ಪದೇ ಸುಡುತ್ತವೆ, ಬ್ಯಾಟರಿಯ ನೀರೂ ಬತ್ತುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ನೋಡಿ, ಫಲಕಗಳು ಮುಳುಗುವಷ್ಟು ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಆ ಹೊತ್ತಿನಲ್ಲಿ ಬೀಡಿ ದೂರವಿರಲಿ. ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದು.

ಟ್ರೇಲರಿನ ಹಿಂದಿನ ದೀಪ

ಮುಂದಿನ ದೀಪ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಿಂದಿನಿಂದ ಬರುವ ಮೋಟಾರ್‌ಸೈಕಲ್ ಗಂಟೆಗೆ 60 ಕಿಲೋಮೀಟರು ವೇಗದಲ್ಲಿದ್ದರೆ ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಕತ್ತಲಲ್ಲಿ ಕಪ್ಪು ಟ್ರೇಲರು ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕು ಹಿಡಿಯಲು ಸಮಯ ಉಳಿದಿರುವುದಿಲ್ಲ.

ಟ್ರೇಲರಿನ ಕೆಂಪು ದೀಪ ಕೆಡುವುದಕ್ಕೂ ಹೆಚ್ಚಾಗಿ ಅರ್ತಿಂಗೇ ಕಾರಣ. ಪ್ಲಗ್ಗಿನಿಂದ ವಿದ್ಯುತ್ತಿನ ವೈರುಗಳನ್ನಷ್ಟೆ ಎಳೆದು, ಮರುದಾರಿಗೆ ಹುಕ್ಕಿನ ಪಿನ್ನನ್ನು ನಂಬಿರುತ್ತಾರೆ. ಆ ಪಿನ್ನಿಗೆ ಗ್ರೀಸು ಬಳಿದಿರುತ್ತದೆ, ಮಣ್ಣು ಮೆತ್ತಿರುತ್ತದೆ, ಎಳೆತಕ್ಕೆ ತಕ್ಕಂತೆ ಅಲುಗಾಡುತ್ತಿರುತ್ತದೆ. ಆದುದರಿಂದ ಟ್ರ್ಯಾಕ್ಟರಿನ ಚಾಸಿಯಿಂದ ಟ್ರೇಲರಿನ ಚಾಸಿಗೆ ಪ್ಲಗ್ಗಿನ ಮೂಲಕವೇ ಒಂದು ಅರ್ತಿಂಗ್ ವೈರನ್ನು ಕೊಡಬೇಕು. ತಿರುವಿನಲ್ಲಿ ಜಗ್ಗದಂತೆ ವೈರು ಸ್ವಲ್ಪ ಸಡಿಲವಿರಲಿ, ನೆಲಕ್ಕೆ ತಾಗದಂತೆ ಮೇಲೆ ಕಟ್ಟಿರಲಿ. ಹತ್ತಿ ಉಬ್ಬಿ ಹೇರಿದಾಗ, ಹುಲ್ಲು ಇಳಿಬಿದ್ದಾಗ ದೀಪವೂ ಕೆಂಪು ರಿಫ್ಲೆಕ್ಟರೂ ಮರೆಯಾಗುತ್ತವೆ. ಅಂಥ ದಿನ ಹಗ್ಗ ಬಿಗಿದಾದ ಮೇಲೆ ದೀಪ ಹಾಕಿ, ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು, ಕೆಂಪು ದೀಪ ಕಾಣುತ್ತದೆಯೆ ಎಂದು ನೋಡಿ ಹೊರಡಬೇಕು.